ಮಿಡಿ ನೀರು ಬಿಟ್ಟ ಹೊತ್ತಿನಲ್ಲಿ

"ನಿಮ್ಮ ಮಿಡಿ ನೀರು ಬಿಡ್ತಾ?" ಅಂತ ಬೇಲಿಯಾಚೆಯಿಂದ ಕೂಗು ಬಂತೆಂದರೆ ನಮ್ಮ ಕಡೆ ಮಾರ್ಚ್ ತಿಂಗಳು ಕಾಲಿಟ್ಟಿತು ಅಂತಲೇ ತಿಳಿಯಬೇಕು. ಸಾಗರ, ಹೊಸನಗರ, ಸಿದ್ದಾಪುರದ ಯಾವ ಮನೆಗೆ ಹೋದರೂ ಆಗ ಉಪ್ಪಿನಕಾಯಿಗೆ ಹಾಕುವ ಮಾವಿನ ಅಪ್ಪೆಮಿಡಿಯದೇ ಮಾತು. ತೊಟ್ಟು ಕಳಚದ ಹಾಗೆ ಮರದಿಂದ ಇಳಿಸಬೇಕು, ಸೊನೆ ಹೋಗಬಾರದು, ಭರಣಿಯಲ್ಲಿ ಒಂದು ಪದರ ಮಿಡಿ, ಅದರ ಮೇಲೊಂದು ಪದರ ಹರಳುಪ್ಪು. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ, ಒಂದು ಹನಿ ನೀರು ಹಾಕದ ಭರಣಿಯಲ್ಲಿ ಮಿಡಿ ತೇಲುತ್ತಿರುತ್ತದೆ. ಮಿಡಿಯ ಮೈ ಮಾತ್ರ ಅಜ್ಜಿಯ ಅಂಗೈ ಹಾಗೆ ಸುಕ್ಕು ಸುಕ್ಕು.

ಈ ಸಲ ಆ ಕೂಗಿನ ಹಿಂದೆ ಇನ್ನೊಂದು ದನಿಯೂ ಕೇಳಿಸುತ್ತಿತ್ತು. ಆಚೆಮನೆಯವರ ಮಗಳ ಮಗಳು ಪರೀಕ್ಷೆಗೆ ಓದಿಕೊಳ್ಳಲು ಅಜ್ಜಿಮನೆಗೆ ಬಂದಿದ್ದಾಳೆ. ಜಗಲಿಯಲ್ಲಿ ಕೂತು, ಜೀವಕೋಶವು ಜೀವಿಗಳ ರಚನಾತ್ಮಕ ಮತ್ತು ಕ್ರಿಯಾತ್ಮಕ ಘಟಕ ಅಂತ ಹತ್ತು ಸಲವಾದರೂ ಹೇಳಿಕೊಂಡಿರಬೇಕು. "ಬೆಳಗಿಂದ ಅದನ್ನೇ ಹೇಳ್ತಿದ್ದಾಳೆ ಮಾರಾಯ್ರೇ, ಹಾಗಂದ್ರೆ ಎಂತದು?" ಅಂತ ಅಜ್ಜಿ ನನ್ನನ್ನು ಕೇಳಿದರು. ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು. ಬುಟ್ಟಿ ಕೆಳಗಿಟ್ಟು ಬೇಲಿಗೆ ಆತುಕೊಂಡೆ. "ಎಂತದು ಅಂತ ನಿಮ್ಮ ಭರಣಿಯಲ್ಲೇ ಇದೆ, ಹುಡುಗಿಯನ್ನು ಇಲ್ಲಿಗೆ ಕರೀರಿ" ಅಂದೆ.

ಹುಡುಗಿ ನೋಟ್‌ಬುಕ್ ಹಿಡಿದೇ ಬಂದಳು. ಒಳ್ಳೆಯ ಚಿತ್ರ ಬರೆದಿದ್ದಳು. ನಡುವೆ ದುಂಡಗೆ ಕೋಶಕೇಂದ್ರ, ಪಕ್ಕದಲ್ಲಿ ಹುರುಳಿಕಾಳಿನ ಹಾಗೆ ಮೈಟೊಕಾಂಡ್ರಿಯ, ಹಸಿರು ಬಣ್ಣದ ಕ್ಲೋರೋಪ್ಲಾಸ್ಟ್, ದೊಡ್ಡದೊಂದು ರಸದಾನಿ. ಸುತ್ತ ಎಳೆದ ಗೆರೆಗೆ ಮಾತ್ರ ಬಣ್ಣವಿಲ್ಲ. "ಇದೇನು?" ಅಂದೆ. "ಅದು ಬರೀ ಪೊರೆ" ಅಂದಳು.

ಆ 'ಬರೀ' ಕೇಳಿ ನನಗೆ ಸುಮ್ಮನಿರಲಾಗಲಿಲ್ಲ. ಎಷ್ಟು ಮಕ್ಕಳ ಬಾಯಲ್ಲಿ ಆ ಮಾತು ಕೇಳಿದ್ದೇನೆ! ನಾವು ಕಲಿಸಿದ್ದೇ ಹಾಗೆ. ಒಳಗಿನ ಸಾಮಾನಿಗೆಲ್ಲ ಹೆಸರು, ಅಂಕ. ಗೆರೆಗೆ ಅರ್ಧ ಅಂಕ. ಜೀವ ಇರೋದೇ ಆ ಗೆರೆಯ ಕಾವಲಿನಿಂದ ಅಂತ ನಾವು ಯಾಕೆ ಮೊದಲು ಹೇಳುವುದಿಲ್ಲ?

ನಾನು ಮತ್ತು ಅವಳ ಅಜ್ಜಿ ನಿಂತಿದ್ದ ಜಾಗವನ್ನೇ ತೋರಿಸಿದೆ. ನಮ್ಮೆರಡು ಮನೆಗಳ ನಡುವೆ ದಾಸವಾಳದ ಬೇಲಿ, ಅದರಲ್ಲೊಂದು ದಣಪೆ. ಅಡ್ಡ ಬಿದಿರು ಹಾಕಿದ ದಣಪೆಯನ್ನು ದನ ದಾಟಲಾರದು. ಮನುಷ್ಯರು ಕಾಲೆತ್ತಿ ದಾಟುತ್ತೇವೆ, ಕೋಳಿ ನುಸುಳುತ್ತದೆ, ಗಾಡಿ ಬಂದರೆ ಬಿದಿರು ಜಾರಿಸಿ ದಾರಿ ಬಿಡುತ್ತೇವೆ. ಪುಸ್ತಕದಲ್ಲಿ ಅರೆಪಾರಕ ಪೊರೆ ಅಂತ ಬರೆದಿದ್ದಾರಲ್ಲ, ಅದು ಇದೇ. ಕೋಶದ ಸುತ್ತಲೂ ಬೇಲಿ, ಬೇಲಿಯ ತುಂಬ ದಣಪೆಗಳು, ಒಂದೊಂದಕ್ಕೂ ಒಂದೊಂದು ಲೆಕ್ಕ. ನೀರಿಗೆ ಒಂದು, ಸಕ್ಕರೆಗೆ ಒಂದು, ಪೊಟ್ಯಾಶಿಯಮ್ಮಿಗೆ ಒಂದು. ನೀರಿನ ದಣಪೆ ಗುರುತಿಸಿದ ಪೀಟರ್ ಆಗ್ರೆಯವರಿಗೆ 2003ರಲ್ಲಿ ನೊಬೆಲ್ ಬಂತು.

"ಎಷ್ಟು ದಪ್ಪ ಇರುತ್ತೆ ಆ ಬೇಲಿ?" ಅಂತ ಅಜ್ಜಿ ಕೇಳಿದರು. ಹತ್ತು ಸಾವಿರ ಪೊರೆ ಒಂದರ ಮೇಲೊಂದು ಪೇರಿಸಿದರೆ ಹೆಚ್ಚುಕಡಿಮೆ ಆ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು ದಪ್ಪ ಬಂದೀತು. ಎಣ್ಣೆಜಿಡ್ಡಿನ ಜಾತಿಯ ಕಣಗಳು ಎರಡು ಸಾಲಾಗಿ, ನೀರು ಒಗ್ಗುವ ತಲೆ ಹೊರಗೆ, ನೀರಿಗೆ ಹೆದರುವ ಬಾಲ ಒಳಗೆ ಮಾಡಿ ನಿಂತಿರುತ್ತವೆ. ಕೆಲವು ದಣಪೆಗಳು ಈ ಸಾಲಿನಲ್ಲಿ ತೇಲಾಡುತ್ತವೆ ಕೂಡ. ನಿಂತ ಗೋಡೆಯಲ್ಲ ಅದು, ಸದಾ ಅಲುಗುತ್ತಿರುವ ಬೇಲಿ.

ಕೋಶಕ್ಕೆ ಇಂಗ್ಲಿಷಿನವರು ಸೆಲ್ ಅಂತ ಯಾಕೆ ಹೆಸರಿಟ್ಟರು ಅನ್ನೋದರಲ್ಲೂ ಪೊರೆಯ ಬಗೆಗಿನ ಈ ಮರೆವಿದೆ. 1665ರಲ್ಲಿ ರಾಬರ್ಟ್ ಹುಕ್ ಎಂಬಾತ ಬೆಂಡಿನ ತೆಳು ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಜೇನುಹಟ್ಟಿಯ ಹಾಗೆ ಸಣ್ಣ ಸಣ್ಣ ಕೋಣೆಗಳು ಕಂಡವು. ಕೂತು ಲೆಕ್ಕ ಹಾಕಿದ, ಒಂದು ಘನ ಅಂಗುಲದಲ್ಲಿ 125 ಕೋಟಿಗೂ ಹೆಚ್ಚು! ಕೋಣೆ ಅನ್ನೋ ಅರ್ಥದಲ್ಲಿ ಸೆಲ್ ಅಂತ ಕರೆದ. ಆದರೆ ಬೆಂಡು ಅಂದರೆ ಮರದ ಸತ್ತ ತೊಗಟೆ. ಅವನು ಕಂಡದ್ದು ಒಕ್ಕಲು ಹೋದ ಮನೆಗಳ ಗೋಡೆ. ಒಳಗಿದ್ದ ಜೀವವೂ ಹೋಗಿತ್ತು, ಜೀವ ಕಾಯುತ್ತಿದ್ದ ಪೊರೆಯೂ ಹೋಗಿತ್ತು. ಹೆಸರು ಮಾತ್ರ ಉಳಿಯಿತು. ಇವತ್ತಿಗೂ ಕೋಶ ಎಂದರೆ ದೇಹದ ಇಟ್ಟಿಗೆ ಅಂತ ತರಗತಿಯಲ್ಲಿ ಹೇಳುತ್ತಾರೆ. ಇಟ್ಟಿಗೆಗೆ ಬಾಗಿಲಿಲ್ಲ, ಇಟ್ಟಿಗೆ ಉಣ್ಣುವುದಿಲ್ಲ, ಒಂದು ಇಟ್ಟಿಗೆ ಎರಡಾಗುವುದಿಲ್ಲ. ಆ ಹೋಲಿಕೆಯನ್ನು ನಾನು ತರಗತಿಯಲ್ಲಿ ಒಂದು ದಿನವೂ ಬಳಸಲಿಲ್ಲ.

ಮತ್ತೆ ಭರಣಿಗೆ ಬಂದೆವು. ಹೊರಗೆ ಉಪ್ಪು ಸುರಿದಾಗ ಮಿಡಿಯ ಪ್ರತಿ ಕೋಶದಿಂದಲೂ ನೀರು ಉಪ್ಪಿದ್ದ ಕಡೆಗೆ ಹೊರಟುಬಿಡುತ್ತದೆ. ಉಪ್ಪು ಅಷ್ಟು ಸುಲಭವಾಗಿ ಒಳಗೆ ಹೋಗಲಾರದು, ಪೊರೆ ಬಿಡುವುದಿಲ್ಲ. ಅಭಿಸರಣೆ ಅಂತ ಹುಡುಗಿ ಥಟ್ಟನೆ ಹೆಸರು ಹೇಳಿದಳು. ನೀರು ಹೋದ ಕೋಶದ ಪೊರೆ ಮುದುಡಿ, ಹೊರಗಿನ ಗಟ್ಟಿ ಕೋಶಭಿತ್ತಿಯನ್ನು ಬಿಟ್ಟು ಒಳಸರಿಯುತ್ತದೆ. ಮಿಡಿ ಸುಕ್ಕುವುದು ಹೀಗೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕು ಅಂತ ಅಮ್ಮಂದಿರು ಹೇಳೋದೂ ಈ ಕಾರಣಕ್ಕೇ.

"ಹಾಗಾದ್ರೆ ಉಪ್ಪಿನಕಾಯಿಯ ಒಳಗೆ ಉಪ್ಪು ಹಿಡಿಯೋದು ಹೇಗೆ? ಕಚ್ಚಿದ್ರೆ ಒಳಗೂ ಉಪ್ಪೇ ಅಲ್ವಾ?" ಅಂದರು ಅಜ್ಜಿ.

ಎಂಥ ಪ್ರಶ್ನೆ! ಇಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಇದು ಕೇಳಿರಲಿಲ್ಲ. ಉತ್ತರ ಇಷ್ಟೇ: ಪೊರೆ ಬದುಕಿರುವವರೆಗೆ ತಡೆಯುತ್ತದೆ. ನೀರು ಕಳೆದುಕೊಂಡ ಕೋಶ ದಿನ ಕಳೆದಂತೆ ಸಾಯುತ್ತದೆ, ಪೊರೆ ಹರಿಯುತ್ತದೆ, ಕಾವಲು ತಪ್ಪುತ್ತದೆ. ಆಮೇಲೆ ಉಪ್ಪು, ಖಾರ, ಸಾಸಿವೆ ಎಲ್ಲವೂ ಸಲೀಸಾಗಿ ಒಳಗೆ. ಮಿಡಿ ಉಪ್ಪಿನಕಾಯಿ ಆಗೋದು ಅದರ ಕೋಶಗಳು ಸತ್ತ ಮೇಲೆ. ಕೋಶಭಿತ್ತಿ ನಿಂತಿರುವುದರಿಂದ ವರ್ಷ ಕಳೆದರೂ ಕಚ್ಚಿದರೆ ಕರುಂ ಅನ್ನುತ್ತದೆ. ಭರಣಿಗೆ ಬಿದ್ದ ಬೂಸು, ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಅದೇ ಉಪ್ಪು ಅದೇ ಶಿಕ್ಷೆ ಕೊಡುತ್ತದೆ. ಅವೂ ಕೋಶಗಳೇ ತಾನೇ, ಅವುಗಳ ನೀರೂ ಹೊರಗೆ ಹೋಗುತ್ತದೆ.

ಹುಡುಗಿಗೆ ಈಗ ರುಚಿ ಹತ್ತಿತು. ಪೊರೆ ಇದೆ ಅಂತ ಕಣ್ಣಲ್ಲಿ ನೋಡೋಕಾಗುತ್ತಾ ಅಂದಳು. ಒಳಗಿನಿಂದ ಒಂದು ಬೀಟ್‌ರೂಟ್ ತಂದೆ. ಹೋಳು ಮಾಡಿ, ಕತ್ತಿ ತಾಗಿ ಒಡೆದ ಕೋಶಗಳ ಬಣ್ಣ ಹೋಗುವವರೆಗೆ ತೊಳೆದು, ಒಂದು ಲೋಟ ತಣ್ಣೀರಿಗೆ ಎರಡು ಹೋಳು, ಒಂದು ಲೋಟ ಕುದಿನೀರಿಗೆ ಎರಡು ಹೋಳು ಹಾಕಿ ದಣಪೆಯ ಕಂಬದ ಮೇಲಿಟ್ಟೆ. ತಣ್ಣೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇತ್ತು, ಬಿಸಿನೀರು ಕುಂಕುಮದ ನೀರಿನ ಹಾಗೆ ಕೆಂಪಾಯಿತು. ಆ ಬಣ್ಣ ಇರುವುದು ರಸದಾನಿಯೊಳಗೆ. ರಸದಾನಿಗೂ ಒಂದು ಪೊರೆ, ಕೋಶಕ್ಕೂ ಒಂದು ಪೊರೆ. ಬಿಸಿ ಎರಡನ್ನೂ ಕೆಡಿಸಿತು, ಬಣ್ಣ ಹೊರಗೆ ಬಂತು. ಹುಡುಗಿ ಎರಡೂ ಲೋಟವನ್ನು ಬಿಸಿಲಿಗೆ ಹಿಡಿದು ನೋಡುತ್ತಾ ತುಂಬ ಹೊತ್ತು ಮಾತಾಡಲಿಲ್ಲ.

ಈರುಳ್ಳಿಯ ಕಥೆಯೂ ಇದರ ತಮ್ಮನೇ. ಇಡೀ ಈರುಳ್ಳಿ ಮೂಗಿಗೆ ಹಿಡಿದರೂ ಕಣ್ಣೀರು ಬರುವುದಿಲ್ಲ. ಗಂಧಕ ಸೇರಿದ ವಸ್ತುವೊಂದು ಕೋಶದ್ರವ್ಯದಲ್ಲಿ, ಅದನ್ನು ಒಡೆಯುವ ಕಿಣ್ವ ರಸದಾನಿಯಲ್ಲಿ, ನಡುವೆ ಪೊರೆ. ಚಾಕು ಇಳಿದ ಕ್ಷಣ ಪೊರೆ ಹರಿದು ಎರಡೂ ಕೂಡುತ್ತವೆ, ಕಣ್ಣುರಿಸುವ ಆವಿ ಏಳುತ್ತದೆ. ಹರಿತ ಚಾಕುವಿಗೆ ಕಡಿಮೆ ಕೋಶ ಜಜ್ಜುತ್ತದೆ, ಕಣ್ಣೀರೂ ಕಡಿಮೆ. ಸಾಸಿವೆ ಕಾಳನ್ನು ನುಂಗಿದರೆ ಖಾರವಿಲ್ಲ, ಅರೆದರೆ ಮೂಗಿಗೆ ಏರುತ್ತದೆಯಲ್ಲ, ಅಲ್ಲಿಯೂ ಬೇರೆ ಬೇರೆ ಇಟ್ಟಿದ್ದು ಅರೆಯುವಾಗ ಕೂಡಿಕೊಳ್ಳುವುದೇ ನಡೆಯುವುದು. ಒಂದೇ ಮನೆಯಲ್ಲಿ ಬೆಂಕಿಯನ್ನೂ ಹುಲ್ಲನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು ಬದುಕು ಮಾಡುವ ಜಾಣತನ ಅದು. ಅಡುಗೆಮನೆಯಲ್ಲಿ ನಾವು ದಿನಾ ಮಾಡುವುದರಲ್ಲಿ ಅರ್ಧ ಕೆಲಸ ಪೊರೆ ಹರಿಯುವುದೇ.

ಮಿಕ್ಕ ಭಾಗಗಳನ್ನೂ ಒಂದು ಸುತ್ತು ನೋಡಿದೆವು. ಕೋಶಕೇಂದ್ರದಲ್ಲಿ ಡಿಎನ್‌ಎ, ಕಣ್ಣಿಗೆ ಕಾಣದ ನಮ್ಮ ದೇಹದ ಒಂದು ಕೋಶದಲ್ಲಿರುವ ಎಳೆಗಳನ್ನೆಲ್ಲ ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಸುಮಾರು ಎರಡು ಮೀಟರ್, ನಮ್ಮ ಬಾಗಿಲಿನ ಎತ್ತರ. ಅಲ್ಲಿಂದ ಬಂದ ಬರಹ ಓದಿ ಪ್ರೋಟೀನು ಕಟ್ಟುವುದು ರೈಬೋಸೋಮ್. ನಮ್ಮ ಕೆಂಪು ರಕ್ತಕಣ ಕೋಶಕೇಂದ್ರವನ್ನೇ ಹೊರಗೆ ಹಾಕಿ, ಆಮ್ಲಜನಕ ಹೊರುವುದೊಂದೇ ಕೆಲಸ ಮಾಡಿ, ಸುಮಾರು 120 ದಿನಕ್ಕೆ ಮುಗಿಯುತ್ತದೆ. ಮೂಳೆಯ ಮಜ್ಜೆ ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಹೊಸ ಕಣ ಮಾಡುತ್ತಲೇ ಇರುತ್ತದೆ.

ಮೈಟೊಕಾಂಡ್ರಿಯದ ಹತ್ತಿರ ಮಾತ್ರ ಅಜ್ಜಿ ನಿಂತರು. ಉಂಡದ್ದನ್ನು ಶಕ್ತಿ ಮಾಡುವ ಆ ಕಣದಂಗಕ್ಕೆ ಅದರದೇ ಡಿಎನ್‌ಎ ಇದೆ. ಕೋಟ್ಯಂತರ ವರ್ಷಗಳ ಹಿಂದೆ ಇನ್ನೊಂದು ಕೋಶದೊಳಗೆ ಹೊಕ್ಕು ಅಲ್ಲೇ ಒಕ್ಕಲಾದ ಬ್ಯಾಕ್ಟೀರಿಯಾ ಅದು ಅಂತ ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದರು, ಈಗ ಎಲ್ಲರೂ ಒಪ್ಪಿದ್ದಾರೆ. ಮಕ್ಕಳಿಗೆ ಅದು ಬರುವುದು ತಾಯಿಯಿಂದ. "ಅಂದರೆ ನಿಮ್ಮದು ನಿಮ್ಮ ಮಗಳಿಗೆ ಹೋಯಿತು, ಮಗಳಿಂದ ಇವಳಿಗೆ ಬಂತು" ಅಂದೆ. ಅಜ್ಜಿ ಮಾತಾಡದೆ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು.

ಆ ಶಕ್ತಿಯೆಲ್ಲ ಏನಾಗುತ್ತದೆ? ದೊಡ್ಡ ಪಾಲು ಬೇಲಿ ಕಾಯಲಿಕ್ಕೇ ಹೋಗುತ್ತದೆ. ಉಪ್ಪಿನಲ್ಲಿರುವ ಸೋಡಿಯಮ್ ಯಾವಾಗಲೂ ಸಂದುಗೊಂದಿನಲ್ಲಿ ಒಳಗೆ ಸೋರುತ್ತದೆ. ಅದನ್ನು ಎತ್ತಿ ಹೊರಗೆ ಹಾಕುವ ಪಂಪೊಂದು ಪೊರೆಯಲ್ಲಿದೆ, ಮೂರು ಸೋಡಿಯಮ್ ಹೊರಗೆ, ಎರಡು ಪೊಟ್ಯಾಶಿಯಮ್ ಒಳಗೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಇದನ್ನು ಕಂಡರು, ನಲವತ್ತು ವರ್ಷ ಕಳೆದ ಮೇಲೆ ನೊಬೆಲ್ ಬಂತು. ನಾವು ಸುಮ್ಮನೆ ಮಲಗಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಪಾಲಾದರೂ ಈ ಪಂಪಿಗೆ. ಮಳೆಗಾಲದಲ್ಲಿ ದೋಣಿಯ ನೀರು ಮೊಗೆಯುವವನು ಕೈ ಬಿಟ್ಟರೆ ದೋಣಿಗೆ ಏನಾಗುತ್ತದೋ, ಪಂಪು ನಿಂತ ಕೋಶಕ್ಕೂ ಅದೇ. ಉಪ್ಪಿನ ಹಿಂದೆ ನೀರೂ ನುಗ್ಗಿ, ಉಬ್ಬಿ ಸಾಯುತ್ತದೆ.

ಉಪ್ಪಿನ ಹಿಂದೆ ನೀರು ಅಂದದ್ದು ಕೇಳಿ ಅಜ್ಜಿಗೆ ಏನೋ ನೆನಪಾಯಿತು. ಅವರ ಚಿಕ್ಕಂದಿನಲ್ಲಿ ತಮ್ಮನಿಗೆ ವಾಂತಿಭೇದಿಯಾಗಿತ್ತಂತೆ. ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ನೀರು ಕೊಡಬೇಡಿ ಅಂತ ಮನೆಯ ಹಿರಿಯರು ಅಂದರಂತೆ. ನೀರು ನೀರು ಅಂತ ಕೇಳುತ್ತಲೇ ಮಗು ಹೋಯಿತು. "ಈಗ್ಲೂ ಆ ದನಿ ಕೇಳಿಸ್ತದೆ" ಅಂದರು. ಕೊಟ್ಟಿದ್ದರೂ ಬರಿ ನೀರು ಸಾಕಾಗುತ್ತಿರಲಿಲ್ಲವೇನೋ. ಆದರೆ ಕೊಡಬೇಕಾದ್ದೇನು ಅಂತ ಆಗ ನಮ್ಮ ಊರುಗಳಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅದು ತಿಳಿದದ್ದೂ ಒಂದು ದಣಪೆಯಿಂದಲೇ. ಕರುಳಿನ ಕೋಶದ ಪೊರೆಯಲ್ಲಿ ಒಂದು ವಿಶೇಷ ದಾರಿಯಿದೆ, ಗ್ಲೂಕೋಸೂ ಸೋಡಿಯಮ್ಮೂ ಜೊತೆಯಾಗಿ ಬಂದರೆ ಮಾತ್ರ ಅದು ಒಳಗೆ ಬಿಡುವುದು. 1960ರಲ್ಲಿ ರಾಬರ್ಟ್ ಕ್ರೇನ್ ಪ್ರಾಗ್ ನಗರದ ಸಭೆಯೊಂದರಲ್ಲಿ ಇದನ್ನು ಹೇಳಿದರು. ಕಾಲರಾದ ವಿಷ ಕರುಳಿನ ಕೋಶಗಳು ಉಪ್ಪು ನೀರನ್ನು ಹೊರಗೆ ಸುರಿಸುವಂತೆ ಮಾಡುತ್ತದೆ, ಆದರೆ ಈ ಒಂದು ದಾರಿಯನ್ನು ಮುಚ್ಚುವುದಿಲ್ಲ. ಸಕ್ಕರೆ ಉಪ್ಪು ಕೂಡಿ ಕೊಟ್ಟರೆ ಎರಡೂ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿಗೆ ಬಂದು ತುಂಬಿದಾಗ ಕಾಲರಾ ಹರಡಿತು, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸಿನ ಪುಡಿಯನ್ನು ನೀರಿಗೆ ಬೆರೆಸಿ, ರೋಗಿಗಳ ಮನೆಯವರ ಕೈಯಲ್ಲೇ ಲೋಟ ಲೋಟ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು.

ಹುಡುಗಿ ನೋಟ್‌ಬುಕ್ ತೆರೆದು, ಬಣ್ಣವಿಲ್ಲದ ಗೆರೆಯ ಮೇಲೆ ಕೆಂಪು ಪೆನ್ಸಿಲ್ ಆಡಿಸತೊಡಗಿದಳು. ಅಜ್ಜಿ ಆ ಉಪ್ಪು ಸಕ್ಕರೆ ನೀರಿನ ಅಳತೆ ಹೇಳಿ ಅಂದರು, ನಾನು ಹೇಳಿದೆ, ನಿಮಗೂ ಹೇಳುತ್ತೇನೆ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಮಟ್ಟಸ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ, ಮಗು ಸೋತುಬಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಗು ಇಷ್ಟಪಡುತ್ತದೆ ಅಂತ ಸಕ್ಕರೆಯನ್ನು, ಬೇಗ ಗುಣವಾಗಲಿ ಅಂತ ಉಪ್ಪನ್ನು ಒಂದು ಚಿಟಿಕೆಯೂ ಹೆಚ್ಚು ಹಾಕಬೇಡಿ. ಅಳತೆ ಮೀರಿದರೆ ಭರಣಿಯ ಮಿಡಿಗೆ ಆದದ್ದೇ ಆಗುತ್ತದೆ, ನೀರು ಒಳಗೆ ಹೋಗುವ ಬದಲು ಹೊರಗೆ ಬರುತ್ತದೆ.