ಪಾಯಿಂಟರ್‌ನಿಂದಾಚೆ ಹೊಚ್ಚಹೊಸದು

(ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿ. ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಶಿವಪ್ಪ, ಬಿಸಿಎ ಮೊದಲ ವರ್ಷಕ್ಕೆ ಸೇರಿರುವ ಮಗಳು ಸಿಂಧು, ಅಂಗಡಿಯ ಮಂಜಣ್ಣ.)

ಶಿವಪ್ಪ: ಕಂಪ್ಯೂಟರಿನ ಸಿ ಭಾಷೆ ಪುಸ್ತಕ ಇದೆಯೇನ್ರೀ?

ಮಂಜಣ್ಣ: ಯಾರ ಸಿ ಸಾರ್? ಬಾಲಗುರುಸ್ವಾಮಿ ಇದೆ. ಕಾನೇಟ್ಕರ್ ಅವರ ‘ಲೆಟ್ ಅಸ್ ಸಿ’ ಇದೆ.

ಶಿವಪ್ಪ: ‘ನೋಡೋಣ’ ಅಂತಲೇ ಹೆಸರಾ? ಮೂವತ್ತು ವರ್ಷ ಬಂದೋರಿಗೆಲ್ಲ ನಾನು ಹೇಳಿದ್ದೂ ಅದನ್ನೇ. ಒಬ್ಬರ ಕೆಲಸವೂ ಆಗಲಿಲ್ಲ. ಬೇರೆ ತೆಗೀರಿ.

ಸಿಂಧು: ಅಪ್ಪ, ಮೇಡಂ ಕರ್ನಿಗನ್–ರಿಚಿ ಓದಿ ಅಂದಿದ್ದಾರೆ.

ಮಂಜಣ್ಣ: ತಗೊಳ್ಳಮ್ಮ. ಎರಡನೇ ಆವೃತ್ತಿ, 1988ರದ್ದು.

ಶಿವಪ್ಪ: 88ರದ್ದಾ! ಆಗ ನನ್ನ ಮದುವೆಯೇ ಆಗಿರಲಿಲ್ಲ. ಫೋನು ಎರಡು ವರ್ಷಕ್ಕೆ ಹಳೇದಾಗತ್ತೆ, ಕಂಪ್ಯೂಟರ್ ಪುಸ್ತಕಾನ ಉಪ್ಪಿನಕಾಯಿ ಥರ ಇಟ್ಕೊಂಡಿದ್ದೀರಲ್ರೀ. ಅದೂ ಇಷ್ಟು ತೆಳ್ಳಗೆ! ಪಕ್ಕದ್ದು ನೋಡಿ, ತಲೆದಿಂಬಿಗಾದ್ರೂ ಆಗತ್ತೆ.

ಮಂಜಣ್ಣ: ಸಾರ್, ಕೇಶಿರಾಜ ಕನ್ನಡಕ್ಕೆ ವ್ಯಾಕರಣ ಬರೆದ, ಆದ್ರೆ ಕನ್ನಡವನ್ನ ಮಾಡಿದೋನು ಅವನಲ್ಲ. ಈ ರಿಚಿ ಇದ್ರಲ್ಲ, ಭಾಷೇನೂ ತಾವೇ ಮಾಡಿ, ಬೆಲ್ ಲ್ಯಾಬ್ಸ್‌ನ ಜೊತೆಗಾರ ಕರ್ನಿಗನ್ ಜೊತೆ ಕೂತು ಪುಸ್ತಕಾನೂ ಬರೆದರು. ಅಡುಗೆ ಮಾಡಿದೋರು ರುಚಿ ಬಗ್ಗೆ ಸಾವಿರ ಪುಟ ಹೇಳ್ತಾರಾ?

ಶಿವಪ್ಪ: ಇದನ್ನೆಲ್ಲ ಓದಿದ್ದೀರಾ?

ಮಂಜಣ್ಣ: ಓದೋದೆಲ್ಲಿ ಬಂತು, ಮೇಷ್ಟ್ರುಗಳು ಚೌಕಾಸಿ ಮಾಡ್ತಾ ಹೇಳಿಹೋಗಿದ್ದು. ನಾನು ಪುಸ್ತಕದ ಅಂಚು ನೋಡ್ತೀನಿ ಅಷ್ಟೆ. (ಪುಸ್ತಕವನ್ನು ಓರೆ ಹಿಡಿದು) ಇಲ್ಲೀವರೆಗೆ ಬೆರಳಿನ ಕೊಳೆ, ಕಾಫಿ ಕಲೆ, ಚಿತ್ರಾನ್ನದ ಅರಿಶಿನ. ಇಲ್ಲಿಂದ ಮುಂದೆ ಬೆಳ್ಳಗೆ, ಮದುವಣಗಿತ್ತಿ ಥರ. ಇದು ಐದನೇ ಅಧ್ಯಾಯ, ಪಾಯಿಂಟರ್. ಬಾಲಗುರುಸ್ವಾಮಿ ತೆಗೆದ್ರೂ, ಕಾನೇಟ್ಕರ್ ತೆಗೆದ್ರೂ ಅಧ್ಯಾಯದ ನಂಬರ್ ಯಾವುದೇ ಇರಲಿ, ಹುಡುಗರು ಕೈಬಿಡೋ ಜಾಗ ಒಂದೇ.

ಶಿವಪ್ಪ: ಏನಮ್ಮ ಅದು ಪಾಯಿಂಟರ್ರು?

ಸಿಂಧು: ಮಾಹಿತಿ ಅಲ್ಲಪ್ಪ, ಮಾಹಿತಿ ಇರೋ ಜಾಗದ ವಿಳಾಸ.

ಶಿವಪ್ಪ: ಅಂದ್ರೆ ಫೈಲ್ ಅಲ್ಲ, ಫೈಲ್ ಯಾರ ಟೇಬಲ್ ಮೇಲಿದೆ ಅನ್ನೋ ಚೀಟಿ.

ಸಿಂಧು: ಹೂಂ... ಪಾಯಿಂಟರ್‌ಗೂ ಪಾಯಿಂಟರ್ ಇರತ್ತೆ.

ಶಿವಪ್ಪ: ಇರಲೇಬೇಕಲ್ಲ. ಚೀಟಿ ಯಾರ ಹತ್ರ ಇದೆ ಅನ್ನೋಕೆ ಇನ್ನೊಂದು ಚೀಟಿ.

ಸಿಂಧು: ವಿಳಾಸ ಹಿಡ್ಕೊಂಡು ಹೋದ್ರೆ ಅಲ್ಲೇನೂ ಇಲ್ಲ ಅಂದ್ಕೋ, ಪ್ರೋಗ್ರಾಂ ಅಲ್ಲೇ ಬಿದ್ದುಹೋಗತ್ತೆ.

ಶಿವಪ್ಪ: ನಮ್ಮಲ್ಲಿ ಬೀಳ್ತಿರಲಿಲ್ಲ. ‘ಸೋಮವಾರ ಬನ್ನಿ’ ಅಂತಿದ್ವಿ.

ಮಂಜಣ್ಣ: ಸಾರ್, ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಈ ಅಧ್ಯಾಯ ದಾಟಿದೋರನ್ನ ಇವತ್ತು ನೋಡ್ದೆ. ಅದೂ ಪುಸ್ತಕ ಮುಟ್ಟದೆ!

ಶಿವಪ್ಪ: ಅದಿರಲಿ, ಆ ಮೂಲೇಲಿರೋ ‘ಪಾಸಿಂಗ್ ಪ್ಯಾಕೇಜ್’ ಗೈಡ್ ಎಷ್ಟು?

ಮಂಜಣ್ಣ: ಅರವತ್ತು.

ಸಿಂಧು: ಬೇಡಪ್ಪ, ಬರೀ ತಪ್ಪು. ಡೊನಾಲ್ಡ್ ಕ್ನೂತ್ ಅಂತ ಒಬ್ಬರಿದ್ದಾರೆ, ತಮ್ಮ ಪುಸ್ತಕದಲ್ಲಿ ತಪ್ಪು ಮೊದಲು ಹುಡುಕಿಕೊಟ್ಟೋರಿಗೆ 2.56 ಡಾಲರ್ ಬಹುಮಾನ ಇಟ್ಟಿದ್ದಾರೆ, ಗೊತ್ತಾ?

ಮಂಜಣ್ಣ: ಈ ಗೈಡ್ ಬರೆದೋರು ಹಾಗೆ ಕೊಡೋಕೆ ಹೋಗಿದ್ರೆ ಮನೆ ಹರಾಜಾಗಿರ್ತಿತ್ತು ತಾಯಿ.

ಶಿವಪ್ಪ: ಹಾಗಾದ್ರೆ ಆ ಕ್ನೂತನ್ನೇ ಕೊಡ್ರೀ. ತಪ್ಪು ಹುಡುಕಿ ಹುಡುಕಿ ಇವಳ ಫೀಸ್ ಇವಳೇ ಕಟ್ಕೊಳ್ಳಲಿ.

ಸಿಂಧು: ಏಳು ಸಂಪುಟ ಅಂತ ಹೊರಟೋರು ಅವರು. ಮೊದಲನೇದು 1968ರಲ್ಲಿ ಬಂತು. ಈಗಲೂ ನಾಲ್ಕನೇದರಲ್ಲೇ ಇದ್ದಾರೆ, ಅದೇ ಭಾಗ ಭಾಗ ಆಗ್ತಾ ಇದೆ.

ಶಿವಪ್ಪ: ನಮ್ಮ ಇಲಾಖೆಗೆ ಬರಬೇಕಿದ್ದ ಮನುಷ್ಯ. (ನಿಟ್ಟುಸಿರಿಟ್ಟು) ಆಯ್ತು, ಆ ತೆಳ್ಳಂದಕ್ಕೆ ಎಷ್ಟು?

ಮಂಜಣ್ಣ: ಇನ್ನೂರು. ಸೆಮಿಸ್ಟರ್ ಮುಗಿದ್ಮೇಲೆ ತನ್ನಿ, ಅರ್ಧಕ್ಕೆ ವಾಪಸ್ ತಗೋತೀನಿ. ಆದ್ರೆ ಬಿಳಿ ಪುಟ ಬಿಳಿಯಾಗೇ ಇರಬೇಕು.

ಶಿವಪ್ಪ: (ನೋಟು ಎಣಿಸುತ್ತ) ಸಿಂಧೂ, ನಾಲ್ಕು ಅಧ್ಯಾಯ ಹೇಗಾದ್ರೂ ಓದ್ಕೋ. ಐದನೇದನ್ನ ಮಾತ್ರ ಕೈ ತೊಳ್ಕೊಂಡು ಓದು.