ನರಹುಲಿಯ ಮರ್ಜಿ

ಮೈಮೇಲೆ ನರಹುಲಿ ಎದ್ದವನಿಗೆ ವೈದ್ಯರ ಬರವಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆಗೆ ಸಲಹೆ ಕೊಡುವವರು ಸ್ವಲ್ಪವಾದರೂ ಅಳುಕುತ್ತಾರೆ. ನರಹುಲಿಗೆ ಬಸ್ಸಿನ ಪಕ್ಕದ ಸೀಟಿನವರೂ ತಜ್ಞರೇ. ಸುಣ್ಣಕ್ಕೆ ಸೋಡಾ ಕಲಸಿ ಹಚ್ಚಿ ಎಂದು ಒಬ್ಬರು, ಉಪ್ಪು-ಮೆಣಸಿನ ಹರಕೆ ಹೊತ್ತುಕೊಳ್ಳಿ ಎಂದು ಇನ್ನೊಬ್ಬರು. ನಮ್ಮ ದೊಡ್ಡಮ್ಮನದು ಕುದುರೆ ಬಾಲದ ಕೂದಲು ಬಿಗಿದು ಕಟ್ಟುವ ಪಂಥ. ಈ ಕಾಲದಲ್ಲಿ ಕುದುರೆಗೆ ಎಲ್ಲಿಗೆ ಹೋಗೋಣ ಎಂದರೆ, "ಮದುವೆ ಕಾಲ ಕಣೋ, ಛತ್ರದ ಮುಂದೆ ನಿಂತ್ಕೋ. ಗಂಡಿನ ಜೊತೆ ಅದೂ ಬರುತ್ತೆ" ಅಂದರು.

ತಮಾಷೆಯೆಂದರೆ, ಇವೆಲ್ಲ ಒಮ್ಮೊಮ್ಮೆ ಫಲಿಸಿಬಿಡುತ್ತವೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಹದಿಹರೆಯದಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಅವನ ಕೈತುಂಬ ನರಹುಲಿ ಎದ್ದಿದ್ದವಂತೆ. ರಾಯಭಾರಿಯ ಹೆಂಡತಿ ಹಂದಿಕೊಬ್ಬಿನ ತುಂಡಿನಿಂದ ಅವನ್ನು ಉಜ್ಜಿ, ತುಂಡನ್ನು ಬಿಸಿಲು ಬೀಳುವ ಕಿಟಕಿಗೆ ಮೊಳೆ ಹೊಡೆದು ನೇತುಹಾಕಿದಳು. ಐದು ವಾರದಲ್ಲಿ ನರಹುಲಿ ಮಾಯ! 1627ರಲ್ಲಿ, ಅವನು ಸತ್ತ ಮರುವರ್ಷ ಅಚ್ಚಾದ ಪುಸ್ತಕದಲ್ಲಿ ಇದು ಸವಿಸ್ತಾರವಾಗಿದೆ. ಪ್ರಯೋಗ ಮಾಡಿ ನೋಡದೆ ಏನನ್ನೂ ನಂಬಬೇಡಿ ಎಂದು ಸಾರಿದ ಮಹಾನುಭಾವ ಆತ.

ನರಹುಲಿಯ ಹಿಂದಿರುವುದು ಎಚ್‌ಪಿವಿ ಎಂಬ ವೈರಸ್. 200ಕ್ಕೂ ಹೆಚ್ಚು ಬಗೆಗಳ ದೊಡ್ಡ ಬಳಗ. ಚರ್ಮದ ಮೇಲ್ಪದರದಲ್ಲೇ ಬಿಡಾರ ಹೂಡುವುದರಿಂದ ರಕ್ತದಲ್ಲಿ ಗಸ್ತು ತಿರುಗುವ ಕಾವಲುಗಾರರ ಕಣ್ಣಿಗೆ ಬೇಗ ಬೀಳುವುದಿಲ್ಲ. ಎಂದೋ ಒಂದು ದಿನ ಬಿದ್ದರೆ ಗಂಟುಮೂಟೆ ಕಟ್ಟಿತೆಂದೇ ಲೆಕ್ಕ. ಮಕ್ಕಳಲ್ಲಂತೂ ಸುಮಾರು ಮೂರರಲ್ಲಿ ಎರಡು ಪಾಲು ನರಹುಲಿಗಳು ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಆ ಹೊತ್ತಿಗೆ ಯಾವ ಔಷಧ ಡ್ಯೂಟಿಯಲ್ಲಿತ್ತೋ ಕೀರ್ತಿ ಅದಕ್ಕೆ.

ಚಿಕ್ಕೋಡಿಯ ನಮ್ಮ ಭಾವನ ಅಂಗಾಲಿನದು ಇಂಥ ಸಜ್ಜನ ಜಾತಿಯದಲ್ಲ. ಆಣಿ ಇರಬೇಕೆಂದು ಅವರು ಬ್ಲೇಡಿನಲ್ಲಿ ಹೆರೆಯುತ್ತಲೇ ಇದ್ದರು. ಚರ್ಮದ ಡಾಕ್ಟರು ಮೇಲಿನ ಗಡಸು ತೆಗೆದು, ಒಳಗಿನ ಕಪ್ಪು ಚುಕ್ಕೆಗಳನ್ನು ತೋರಿಸಿ, ಅವು ರಕ್ತ ಹೆಪ್ಪುಗಟ್ಟಿದ ಸಣ್ಣ ನಾಳಗಳು, ಆಣಿಯಲ್ಲಿ ಇರುವುದಿಲ್ಲ ಎಂದರು. ಸ್ಯಾಲಿಸಿಲಿಕ್ ಆಸಿಡ್ ಹಚ್ಚಿದ್ದಾಯಿತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಸುಟ್ಟದ್ದೂ ಆಯಿತು. ಉಳಿದದ್ದು ಲೇಸರ್.

ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದ ಕುಮಾರ್ ಪಟೇಲ್ ಹುಟ್ಟಿದ್ದು ಬಾರಾಮತಿಯಲ್ಲಿ ಎಂದು ನಾನು ಧೈರ್ಯ ತುಂಬಿದೆ. "ಹಂಗಾರ ನಮ್ಮ ಕಡೀ ಮನಶ್ಯಾನ ಬಿಡಪಾ" ಎಂದು ಭಾವ ಕಾಲು ಚಾಚಿದರು. ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಚರ್ಮದೊಳಗಿನ ನೀರು ಅದನ್ನು ಹೀರಿಕೊಂಡು ಕ್ಷಣದಲ್ಲಿ ಆವಿಯಾಗುತ್ತದೆ, ಜೊತೆಗೆ ನರಹುಲಿಯೂ. ನಿಜವಾದ ಪರೀಕ್ಷೆ ಅದಕ್ಕೂ ಮುಂಚೆ ಅಂಗಾಲಿಗೆ ಚುಚ್ಚುವ ಮರಗಟ್ಟಿಸುವ ಇಂಜೆಕ್ಷನ್‌ನದು. ಆಗ ಭಾವನ ಬಾಯಿಂದ ಹೊರಟ ಮಾತುಗಳಲ್ಲಿ ಬಾರಾಮತಿಯವರ ಬಗ್ಗೆ ಗೌರವ ಅಷ್ಟಾಗಿ ಇರಲಿಲ್ಲ. ಆಮೇಲೆ ಕೂದಲು ಸುಟ್ಟ ವಾಸನೆ. ಆ ಹೊಗೆಯಲ್ಲೂ ವೈರಸ್ಸಿನ ಅಂಶ ಇರಬಹುದೆಂದು ಡಾಕ್ಟರು ಮಾಸ್ಕ್ ಬಿಗಿದು, ಹೊಗೆ ಎಳೆಯುವ ಕೊಳವೆಯನ್ನು ಪಕ್ಕದಲ್ಲೇ ಹಿಡಿಸಿದ್ದರು.

"ಸುತ್ತಲಿನ ಚರ್ಮದಲ್ಲಿ ವೈರಸ್ ಉಳಿದಿದ್ದರೆ ಮತ್ತೆ ಬರಬಹುದು" ಎಂದರು ಡಾಕ್ಟರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಕುದುರೆ ಕೂದಲಿನವರು ಇಂಥ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಭಾವನಿಗೆ ಹಿಡಿಸಲಿಲ್ಲ.

"ಇಷ್ಟು ರೊಕ್ಕಾ ತಗೊಂಡು ಗ್ಯಾರಂಟಿ ಇಲ್ಲೇನ್ರಿ?"

"ಮಿಕ್ಸಿಗಾದರೆ ಕೊಡಬಹುದು, ಯಜಮಾನ್ರೇ. ಅಂದಹಾಗೆ, ಹೆರೀತಿದ್ದದ್ದು ಯಾವ ಬ್ಲೇಡಿನಲ್ಲಿ?"

"ದಾಡಿ ಮಾಡ್ಕೊಳ್ಳೋದ್ರಾಗ. ಬ್ಯಾರೆ ಯಾಕ ಬೇಕ್ರಿ?"

ಡಾಕ್ಟರು ಏನೂ ಹೇಳಲಿಲ್ಲ. ಪಾದದ ಮೇಲಿದ್ದ ದೀಪವನ್ನು ಎಳೆದು ಭಾವನ ಗದ್ದದ ಕಡೆಗೆ ತಿರುಗಿಸಿದರು.