ಅನ್ನಕ್ಕೆ ಬಣ್ಣ ಯಾಕವ್ವ?

ಕರಿಬೇವಿನ ಗಿಡ ಇರುವುದು ನಮ್ಮ ಹಿತ್ತಿಲಲ್ಲಿ. ಅದರ ಅರ್ಧ ರೆಂಬೆಗಳು ಕಾಂಪೌಂಡ್ ಗೋಡೆ ದಾಟಿ ಪಕ್ಕದ ಮನೆಯ ಅಕ್ಕನ ಕಡೆಗೆ ಬಾಗಿವೆ. ಒಗ್ಗರಣೆ ಹೊತ್ತಿಗೆ ಅವರು ಸೊಪ್ಪು ಕೀಳಲು ಬರುತ್ತಾರೆ, ನಾನು ಬಟ್ಟೆ ಒಣಹಾಕಲು ಹೋಗುತ್ತೇನೆ, ಮಾತು ಅಲ್ಲೇ ಶುರು. ಅಕ್ಕನದು ಮದ್ದೂರಿನ ಹತ್ತಿರದ ಹಳ್ಳಿ. ಮೈಸೂರಿಗೆ ಬಂದು ಮೂವತ್ತು ವರ್ಷವಾದರೂ ಮಾತು ಇನ್ನೂ ಆ ಕಡೆಯದೇ. ಮೊನ್ನೆ ಬಂದವರು ಸೊಪ್ಪಿಗೆ ಕೈ ಹಾಕುವ ಮೊದಲೇ ಬಾಯಿಬಿಟ್ಟರು.

“ನಿನ್ನೆ ನಮ್ಮುಡುಗ ಹೋಟ್ಲಿಗೆ ಕರ್ಕೊಂಡೋಗಿದ್ದ ಕಣವ್ವ. ಒಂದೀಟು ಅನ್ನ ತಕ್ಕೊಂಬಾಪ್ಪ ಅಂದೆ. ಆ ಹೈದ ಮಕ ಮಕ ನೋಡ್ದ. ಆಮೇಲೆ, ವೈಟ್ ರೈಸಾ ಆಂಟಿ ಅಂತಾನೆ. ಅನ್ನಕ್ಕೆ ಬಣ್ಣ ಯಾಕವ್ವ?”

ನನ್ನ ಮನಸ್ಸಿನಲ್ಲಿ ಎಷ್ಟೋ ವರ್ಷದಿಂದ ಕುದಿಯುತ್ತಿದ್ದ ಪ್ರಶ್ನೆಯನ್ನು ಅವರು ಒಂದೇ ಮಾತಿನಲ್ಲಿ ಕೇಳಿಬಿಟ್ಟರು. ಹೋಟೆಲಿನ ಪಟ್ಟಿಯಲ್ಲಿ ಜೀರಾ ರೈಸು, ಘೀ ರೈಸು, ಲೆಮನ್ ರೈಸು, ಕರ್ಡ್ ರೈಸು ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಈ ವೈಟ್ ರೈಸು ನಿಂತಿರುತ್ತದೆ. ಮಿಕ್ಕವೆಲ್ಲ ಹುಟ್ಟಿದ್ದೇ ಅದರಿಂದ.

ರೈಸು ಅನ್ನುವ ಮಾತು ಗದ್ದೆಯಲ್ಲಿರುವುದಕ್ಕೂ ಅದೇ, ಚೀಲದಲ್ಲಿರುವುದಕ್ಕೂ ಅದೇ, ತಟ್ಟೆಯಲ್ಲಿರುವುದಕ್ಕೂ ಅದೇ. ನಮ್ಮಲ್ಲಿ ಹಾಗಲ್ಲ. ಗದ್ದೆಯಲ್ಲಿ ಪೈರು, ಕಣದಲ್ಲಿ ಭತ್ತ, ಮಿಲ್ಲಿನಿಂದ ಬಂದರೆ ಅಕ್ಕಿ, ಬೆಂದರೆ ಅನ್ನ. ಒಡೆದರೆ ನುಚ್ಚು. ಕುಟ್ಟಿ ಚಪ್ಪಟೆ ಮಾಡಿದರೆ ಅವಲಕ್ಕಿ, ಹುರಿದು ಉಬ್ಬಿಸಿದರೆ ಒಂದು ಕಡೆ ಪುರಿ, ಇನ್ನೊಂದು ಕಡೆ ಮಂಡಕ್ಕಿ. ಹಸುವಿಗೆ ಕಲಸಿ ಇಡುವುದು ತೌಡು. ಅನ್ನ ಬಸಿದರೆ ಗಂಜಿ, ರಾತ್ರಿ ಉಳಿದು ಬೆಳಿಗ್ಗೆ ಮೊಸರು ಸೇರುವುದು ತಂಗಳು. ಕರಾವಳಿಯವರ ಕುಚ್ಚಲಕ್ಕಿ ಬೇರೆಯೇ ಇದೆ. ಇಷ್ಟು ಹೆಸರು ಯಾಕೆ ಬಂತು ಎಂದರೆ, ಪ್ರತಿಯೊಂದಕ್ಕೂ ಯಾರೋ ಒಂದು ಕೆಲಸ ಮಾಡಿದ್ದಾರೆ. ಒಬ್ಬರು ಕೊಯ್ದರು, ಒಬ್ಬರು ಕುಟ್ಟಿದರು, ಒಬ್ಬರು ಕೇರಿದರು, ಒಬ್ಬರು ಒಲೆಯ ಮುಂದೆ ನಿಂತು ಬಸಿದರು. ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗಲೆಲ್ಲ ಹೆಸರು ಬದಲಾಯಿತು. ಎಲ್ಲವನ್ನೂ ರೈಸು ಎಂದು ಒಂದೇ ಚೀಲಕ್ಕೆ ತುಂಬಿದರೆ ಆ ಕೈಗಳೆಲ್ಲ ಮರೆಯಾಗುತ್ತವೆ. ನನಗೆ ಸಂಕಟವಾಗುವುದು ಇದಕ್ಕೆ.

ಅನ್ನ ಎಂಬುದು ಸಂಸ್ಕೃತದಿಂದ ಬಂದ ಮಾತು, ತಿನ್ನುವಂಥದ್ದು ಎಂದೇ ಅದರ ಮೂಲ ಅರ್ಥ. ಆದರೆ ನಾವು ಅದನ್ನು ಎಷ್ಟು ನಮ್ಮದಾಗಿಸಿಕೊಂಡಿದ್ದೇವೆ ನೋಡಿ. ಅನ್ನದ ಋಣ ಅನ್ನುತ್ತೇವೆ, ಒಬ್ಬರ ಅನ್ನಕ್ಕೆ ಕಲ್ಲು ಹಾಕಬೇಡ ಅನ್ನುತ್ತೇವೆ. 2013ರಲ್ಲಿ ಸರ್ಕಾರ ಪಡಿತರದ ಯೋಜನೆ ತಂದಾಗ ಕೊಟ್ಟದ್ದು ಅಕ್ಕಿ, ಇಟ್ಟ ಹೆಸರು ಅನ್ನಭಾಗ್ಯ. ಚೀಲದಲ್ಲಿರುವುದು ಒಲೆಯ ಮೇಲೆ ಬೆಂದು ತಟ್ಟೆಗೆ ಬರುವವರೆಗಿನ ಆಸೆಯೆಲ್ಲ ಆ ಹೆಸರಿನಲ್ಲಿದೆ. ಶಾಲೆಯ ಬಿಸಿಯೂಟವೂ ಹಾಗೆಯೇ. ಅಕ್ಷರ ದಾಸೋಹ ಯೋಜನೆ 2002ರಲ್ಲಿ ಶುರುವಾಯಿತು, ಜನರ ಬಾಯಲ್ಲಿ ಉಳಿದದ್ದು ಬಿಸಿಯೂಟ. ಮಧ್ಯಾಹ್ನದ ಉಪಾಹಾರ ಯೋಜನೆ ಎಂದರೆ ಅದು ಕಡತದ ಮಾತು. ಬಿಸಿಯೂಟ ಎಂದ ಕೂಡಲೇ ಹಬೆ ಏಳುತ್ತದೆ.

ನನಗೆ ಇಂಗ್ಲಿಷ್ ಮೇಲೆ ಕೋಪ ಎಂದುಕೊಳ್ಳಬೇಡಿ. ಬೈ ಟು ಕಾಫಿ ಎಂಬ ಮಾತು ನನಗೆ ಬಲು ಇಷ್ಟ. ಅದು ಪೂರ್ತಿ ಇಂಗ್ಲಿಷೇ. ಆದರೂ ಒಂದು ಲೋಟವನ್ನು ಇಬ್ಬರು ಹಂಚಿಕೊಳ್ಳುವ ಗೆಳೆತನಕ್ಕೆ ಅದಕ್ಕಿಂತ ಚಿಕ್ಕದಾದ, ಚೊಕ್ಕದಾದ ಮಾತು ನಮ್ಮ ಹೋಟೆಲುಗಳಲ್ಲಿ ಇಲ್ಲ. ಚೌಚೌ ಬಾತ್ ಕೂಡ ಹಾಗೆಯೇ, ಹೇಳಿದರೆ ಸಾಕು, ಒಂದು ಪಕ್ಕದಲ್ಲಿ ಕೇಸರಿಬಾತು, ಇನ್ನೊಂದು ಪಕ್ಕದಲ್ಲಿ ಖಾರಾಬಾತು ಕಣ್ಣ ಮುಂದೆ ಬರುತ್ತವೆ.

ಅದೇ ಖಾರಾಬಾತಿನ ಬಡ ಅಕ್ಕ ಉಪ್ಪಿಟ್ಟು. ಅದನ್ನು ಕಾಂಕ್ರೀಟು ಅನ್ನುತ್ತಾರಲ್ಲ, ಆ ಮಾತು ಕೇಳಿದರೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಾನಿದ್ದ ಹಾಸ್ಟೆಲಿನಲ್ಲಿ ವಾರಕ್ಕೆ ಮೂರು ದಿನ ಉಪ್ಪಿಟ್ಟು. ತಟ್ಟೆ ಹಿಡಿದು ಸಾಲು ನಿಂತ ಹುಡುಗಿಯರು, “ಇವತ್ತೂ ಕಾಂಕ್ರೀಟಾ?” ಎಂದು ಕೂಗುತ್ತಿದ್ದರು. ಬಡಿಸುವ ಹೆಂಗಸು ತಲೆ ಎತ್ತುತ್ತಿರಲಿಲ್ಲ. ಒಂದು ದಿನ ನನ್ನ ಸರದಿ ಬಂದಾಗ ಮೆಲ್ಲಗೆ ಕೇಳಿದರು, “ರವೆ ಸರಿಯಾಗಿ ಹುರಿದಿದ್ದೀನಲ್ಲ, ಗಟ್ಟಿಯಾಗಿದ್ಯಾ?” ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಷ್ಟು ದೊಡ್ಡ ಬಾಣಲೆಯ ಮುಂದೆ ನಿಂತು ರವೆ ಹುರಿದವರು ಅವರು. ಉಪ್ಪಿಟ್ಟಿನ ಗುಟ್ಟೆಲ್ಲ ಆ ಹುರಿಯುವುದರಲ್ಲೇ ಇದೆ. ರವೆ ಸ್ವಲ್ಪ ಹಸಿಯಾಗಿದ್ದರೂ ನೀರು ಬಿದ್ದ ಕೂಡಲೇ ಅಂಟಾಗುತ್ತದೆ. ಅವರು ಅದನ್ನು ತಪ್ಪದೆ ಮಾಡಿದ್ದರು. ನಾನು ಚೆನ್ನಾಗಿದೆ ಅಂದೆ. ಅಷ್ಟು ಜನರ ಕೂಗಿನ ಮುಂದೆ ನನ್ನ ಒಂದು ಮಾತು ಅವರಿಗೆ ಕೇಳಿಸಿತೋ ಇಲ್ಲವೋ.

ಕೆಲಸ ಕೆಟ್ಟರೆ ಚಿತ್ರಾನ್ನ ಆಯ್ತು ಅನ್ನುವುದೂ ನನಗೆ ಒಗ್ಗುವುದಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಕಲಸಿದರೆ ಅದು ಚಿತ್ರಾನ್ನವಲ್ಲ. ಉದುರುದುರಾದ ಅನ್ನ, ಕೆಂಪಗೆ ಹುರಿದ ಕಡಲೆಬೀಜ, ಒಗ್ಗರಣೆ ಆರಿದ ಮೇಲೆ ಹಿಂಡಿದ ನಿಂಬೆ, ಎಲ್ಲಕ್ಕೂ ಲೆಕ್ಕವಿದೆ.

ಈಗ ಹೊಸದಾಗಿ ಬೆಂಕಿ ಬಂದಿದೆ. ಊಟ ಬೆಂಕಿ ಗುರು ಅಂದರೆ ಬಹಳ ಚೆನ್ನಾಗಿದೆ ಎಂದಂತೆ. ನಾನು ಬೆಳೆದ ಮನೆಯಲ್ಲಿ ಅಡುಗೆಗೆ ಬೆಂಕಿ ಎಂಬ ಮಾತನ್ನು ಸಿಟ್ಟಿನಲ್ಲೂ ಆಡುತ್ತಿರಲಿಲ್ಲ. ಅಜ್ಜಿ ಅಕ್ಕಿ ಮುಗಿಯಿತು ಎಂದೂ ಅನ್ನುತ್ತಿರಲಿಲ್ಲ, ಅಕ್ಕಿ ತರಬೇಕು ಅನ್ನುತ್ತಿದ್ದರು. ರುಚಿ ಹೇಳಲು ನಮಗೆ ಮಾತಿನ ಬಡತನವೇ? ಸಪ್ಪೆ, ಒಗರು, ಘಾಟು, ಕಮಟು, ಮುಗ್ಗಲು ಎಂದು ಕೆಟ್ಟದ್ದಕ್ಕೇ ಎಷ್ಟು ಬಗೆ! ಉಪ್ಪು ಹೆಚ್ಚಾದರೂ ಉಪ್ಪು ಒಂಚೂರು ಮುಂದಿದೆ ಎಂದು ಬಡಿಸಿದವರ ಮನಸ್ಸು ನೋಯದಂತೆ ಹೇಳುವ ಭಾಷೆ ಇದು. ಊಟ ಹೊಡೆದೆ, ಇಡ್ಲಿ ಬಾರಿಸಿದೆ ಅನ್ನುವವರಿಗೂ ನನ್ನದು ಅದೇ ದೂರು. ಉಣ್ಣುವುದು ಎಂಬ ಮಾತಿನಲ್ಲಿ ಕೂತು, ಕಲಸಿ, ಇನ್ನೊಬ್ಬರಿಂದ ಬಡಿಸಿಕೊಳ್ಳುವುದೆಲ್ಲ ಇದೆ. ಉತ್ತರ ಕರ್ನಾಟಕದಲ್ಲಿ ಬಡಿಸುವುದಕ್ಕೆ ನೀಡುವುದು ಅನ್ನುತ್ತಾರೆ. “ಇನ್ನೊಂದೀಟು ಅನ್ನ ನೀಡ್ಲೇನ್ರಿ?” ಅಂದರೆ ಹೊಟ್ಟೆ ತುಂಬಿದವರೂ ಬೇಡ ಅನ್ನಲಾರರು.

ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ನಾನ್‌ವೆಜ್. ನಾನ್ ಅಂದರೆ ‘ಅಲ್ಲ’ ಎಂದು ಮೊಮ್ಮಗ ಅರ್ಥ ಹೇಳಿದ ದಿನದಿಂದ ಅವರಿಗೆ ಆ ಮಾತು ಸೇರುವುದಿಲ್ಲ. “ಅಲ್ಲ ಅಂತ ಯಾರಾದ್ರೂ ಊಟಕ್ಕೆ ಹೆಸರಿಕ್ತಾರಾ? ಬಾಡು ಅನ್ನಕ್ಕೇನು ನಾಚ್ಕೆ?”

ನಾನು ಹುಟ್ಟಿದ ಮನೆಯಲ್ಲಿ ಬಾಡು ಬೇಯುತ್ತಿರಲಿಲ್ಲ. ಬಾಡುವುದು ಎಂದರೆ ಹೂವು ಬಾಡುವುದಷ್ಟೇ ನನಗೆ ಗೊತ್ತಿತ್ತು. ಈ ಗೋಡೆಯ ಆಚೆಯಿಂದ ನಾನು ಕಲಿತ ಮಾತು ಅದು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯುವ ಮುಂಚೆ ಮಳಿಗೆಗಳ ಷರತ್ತಿನಲ್ಲಿ ಮದ್ಯ, ತಂಬಾಕಿನ ಸಾಲಿಗೇ ಮಾಂಸಾಹಾರವನ್ನೂ ಸೇರಿಸಿದ್ದರಲ್ಲ, ಆ ಸುದ್ದಿಯಿದ್ದ ಪತ್ರಿಕೆಯನ್ನು ಹಿಡಿದೇ ಅಕ್ಕ ಗೋಡೆ ಹತ್ತಿರ ಬಂದಿದ್ದರು. ಅವತ್ತು ಅವರ ದನಿ ಏರಲಿಲ್ಲ. “ಹಬ್ಬಕ್ಕೆ ನೆಂಟ್ರಿಗೆ ಇಕ್ಕೋ ಊಟ ಕಣವ್ವ ಅದು. ಎಂಡದ ಜೊತೆ ಸೇರ್ಸವ್ರೆ” ಎಂದು ಸುಮ್ಮನಾದರು. ಆಮೇಲೆ ಬಾಡೂಟ ಬೇಕು ಎಂದು ಜನ ಕೇಳಿದರು, ಆ ಮಾತು ಪತ್ರಿಕೆಗಳ ತಲೆಬರಹಕ್ಕೇ ಬಂತು. ಅದನ್ನು ಓದಿ ಹೇಳಿದಾಗ ಅಕ್ಕನ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಊಟಕ್ಕಿಂತ ಹೆಚ್ಚಾಗಿ, ತಮ್ಮ ಮನೆಯ ಮಾತು ದೊಡ್ಡ ಅಕ್ಷರದಲ್ಲಿ ಅಚ್ಚಾಗಿದ್ದಕ್ಕೆ.

ಮೊನ್ನೆಯೂ ಮಾತು ಊಟದ ಹೆಸರಿಗೇ ಬಂದು ನಿಂತಿತು. ಮುದ್ದೆಯನ್ನು ರಾಗಿ ಬಾಲ್ ಎಂದು ಬರೆದ ಬೋರ್ಡಿನ ವಿಷಯ ನಾನು ತೆಗೆಯುವಷ್ಟರಲ್ಲಿ ಅಕ್ಕ, “ಅಯ್ಯೋ, ಎಸರು ಮಳ್ಳುತಾ ಅದೆ, ಹಿಟ್ಟು ತೊಳಸ್ಬೇಕು” ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದರು. ಕರಿಬೇವು ಕೀಳಲೇ ಇಲ್ಲ. ಎಳೆಯದು ನೋಡಿ ಎರಡು ಎಸಳು ಕಿತ್ತು ಗೋಡೆಯ ಮೇಲಿಟ್ಟು, ಹಾರಿಹೋಗದಂತೆ ಒಂದು ಕಲ್ಲು ಹೇರಿ ಬಂದೆ.